ಕಾಲು ಸುತ್ತು

ಅಪ್ಪ ಬೋಟನ್ನು ಅಣ್ಣನಿಗೆ ಕೊಟ್ಟದ್ದು ಊಟದ ಹೊತ್ತಿನಲ್ಲಿ, ಮೀನಿನ ಮುಳ್ಳು ಬಿಡಿಸುತ್ತಾ. ಮುಳ್ಳನ್ನು ತಟ್ಟೆಯ ಅಂಚಿಗಿಟ್ಟು, ಬೆರಳು ಚೀಪಿ, "ನಾಳೆಯಿಂದ ಬೋಟು ಇವನು ನೋಡ್ಕೊಳ್ತಾನೆ. ಅವಳು ಮನೇಲಿರ್ಲಿ, ಅಮ್ಮಂಗೂ ಒಂದು ಕೈ ಆಗುತ್ತೆ" ಎಂದ. ಉಪ್ಪು ಕೊಡು ಎನ್ನುವ ದನಿ. ಆಮೇಲೆ ನಿಜವಾಗಿಯೂ ಉಪ್ಪು ಕೇಳಿದ.

ಅವಳೆಂದರೆ ಮಗಳು. ಶಾಲೆ ಬಿಟ್ಟ ವರ್ಷವೇ ಅಪ್ಪನ ಜೊತೆ ಬೋಟು ಹತ್ತಿದವಳು. ಈಚೆ ದಡದಿಂದ ಆಚೆ ದಡಕ್ಕೆ ಜನರನ್ನು ದಾಟಿಸುವ ಬೋಟು ಅದು. ನಟ್ಟನಡುವೆ, ಹಲಗೆಯ ಕೆಳಗೆ, ಅವಳಿಗಿಂತ ಹಳೆಯದಾದ ಡೀಸೆಲ್ ಎಂಜಿನ್ನು. ಅಪ್ಪನ ಭುಜ ಹಿಡಿದುಕೊಂಡು ತೋಳು ಚಾಚಲಾಗದ ಹಾಗಾದ ಮೇಲೆ ಚುಕ್ಕಾಣಿಯೂ ಅವಳದೇ, ಎಂಜಿನ್ನೂ ಅವಳದೇ ಆಗಿತ್ತು. ಸೊಂಟದಲ್ಲಿ ಸದಾ ನಟ್ಟು ತಿರುಗಿಸುವ ಒಂದು ಪಾನಾ ಸಿಕ್ಕಿಸಿಕೊಂಡಿರುತ್ತಿದ್ದಳೆಂದು ಜೆಟ್ಟಿಯ ಜನ ಅವಳನ್ನು ಪಾನಕ್ಕ ಎಂದೇ ಕರೆಯುತ್ತಿದ್ದರು. ಅಪ್ಪನಿಗೆ ಮೇಸ್ತ್ರಿ ಎಂಬ ಹೆಸರು. ನಿಂತಲ್ಲೇ ಕಿವಿಗೊಟ್ಟು ಯಾವ ಎಂಜಿನ್ನಿಗೆ ಏನು ಕಾಯಿಲೆ ಎಂದು ಹೇಳಬಲ್ಲ ಮನುಷ್ಯ. ಹಾಗೆಂದು ಅವನೇ ಎಲ್ಲರಿಗೂ ಹೇಳಿಟ್ಟಿದ್ದ.

ಅಣ್ಣ ಪಟ್ಟಣದಲ್ಲಿ ಗಾಡಿಗಳ ಬಿಡಿಭಾಗದ ಅಂಗಡಿ ಇಟ್ಟು, ಅದನ್ನು ಮುಚ್ಚಿ, ಹೆಂಡತಿಯನ್ನೂ ಎರಡು ಸೂಟ್‌ಕೇಸನ್ನೂ ಕರೆದುಕೊಂಡು ಆ ವಾರವಷ್ಟೇ ಮನೆಗೆ ಬಂದಿದ್ದ.

"ನನ್ನ ಒಂದು ಮಾತು ಕೇಳಬಹುದಿತ್ತು" ಎಂದಳು ಮಗಳು.

"ಕೇಳೋದೇನಿದೆ? ಗಂಡುಮಗ ಮನೇಲಿ ಕೈಕಟ್ಟಿ ಕೂತ್ರೆ ಜನ ಏನಂತಾರೆ?"

"ನಾನು ಕೂತ್ರೆ?"

"ನೀನು ಕೂತ್ರೆ ಯಾರೂ ಏನೂ ಅನ್ನಲ್ಲ."

ಅಮ್ಮ ಅನ್ನದ ಪಾತ್ರೆಯನ್ನು ಸದ್ದಾಗುವ ಹಾಗೆ ಕೆಳಗಿಟ್ಟಳು. ಅಣ್ಣ ತಟ್ಟೆಯಲ್ಲೇ ಕಣ್ಣು ನೆಟ್ಟು ಕೂತಿದ್ದ.

ಜನ ಏನೂ ಅನ್ನುವುದಿಲ್ಲ ಎಂಬುದು ಮಾತ್ರ ಸುಳ್ಳು. ಅವಳನ್ನು ನೋಡಲು ಇಬ್ಬರು ಬಂದುಹೋಗಿದ್ದರು. ಮೊದಲನೆಯವನು ಮರದ ಡಿಪೋದ ಗುಮಾಸ್ತ, ಎರಡನೆಯವನು ಆಚೆ ದಡದ ಟೈಲರು. ಇಬ್ಬರನ್ನೂ ಅಪ್ಪ ಚಹಾ ಕುಡಿಸಿ ಸಾಗಹಾಕಿದ್ದ. "ಇವಳು ಹೋದ್ರೆ ಎಂಜಿನ್ ಯಾರು ನೋಡ್ತಾರೆ?" ಎಂದು ಆಗ ಅಮ್ಮನ ಬಾಯಿ ಮುಚ್ಚಿಸಿದ್ದ. ಟೈಲರು ಈಗ ಬೇರೆ ಕಡೆ ಮದುವೆಯಾಗಿ, ದಿನಾ ಬೆಳಿಗ್ಗೆ ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಅದೇ ಬೋಟಿನಲ್ಲಿ ದಾಟುತ್ತಿದ್ದ. ಅವಳ ಮದುವೆಗೆಂದು ಮಾಡಿಸಿದ ಸರ ಅಮ್ಮನ ಪೆಟ್ಟಿಗೆಯಲ್ಲೇ ಬಿದ್ದಿತ್ತು. ಎಂಜಿನ್ನಿನ ಸಲುವಾಗಿ ಗಂಡುಗಳನ್ನು ಬಿಡಿಸಿದ ಅಪ್ಪ ಈಗ ಗಂಡುಮಗನ ಸಲುವಾಗಿ ಎಂಜಿನ್ನನ್ನೂ ಬಿಡಿಸಿದ್ದ. ಕೈ ತೊಳೆಯುತ್ತಾ ಅವಳು ಎರಡು ವಿಷಯ ನಿಶ್ಚಯ ಮಾಡಿಕೊಂಡಳು. ಬೋಟು ತನಗೆ ವಾಪಸು ಬರಬೇಕು. ಅಪ್ಪ ಜೆಟ್ಟಿಯ ಮೇಲೆ, ಜನರೆದುರಿಗೇ ಮುಖಭಂಗ ಪಡಬೇಕು.

ಅಡುಗೆಮನೆಯಲ್ಲಿ ಅವಳಿಗೆ ಜಾಗವಿರಲಿಲ್ಲ. ಅಲ್ಲಿ ಅಮ್ಮ ಇದ್ದಳು, ಈಗ ಅತ್ತಿಗೆಯೂ ಇದ್ದಳು, ಒಲೆ ಇದ್ದದ್ದು ಒಂದೇ.

"ಈರುಳ್ಳಿ ಇಷ್ಟು ದಪ್ಪ ಹೆಚ್ಚಿದ್ರೆ ಬೇಯೋದು ಯಾವಾಗ?" ಎಂದಳು ಅತ್ತಿಗೆ.

"ಬೇಯೋ ತನಕ ಬೇಯ್ಲಿ."

"ಕೋಪ ನನ್ಮೇಲೆ ಯಾಕೆ? ನಾನೇನು ನಿಮ್ಮ ಬೋಟು ಕೇಳಿದ್ನಾ? ನಿಮ್ಮಣ್ಣಂಗೆ ನೀರು ಕಂಡ್ರೆ ಹೊಟ್ಟೆ ತೊಳಸುತ್ತೆ, ಗೊತ್ತಾ? ಮನೆಗೆ ಬಂದವರು ಸುಮ್ನೆ ಗೋಡೆ ನೋಡ್ತಾ ಮಲಗಿಬಿಡ್ತಾರೆ."

ಅದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗಿಯೂ ಕರುಣೆ ಬರಲಿಲ್ಲ.

ಮೊದಲ ವಾರ ಎಂಜಿನ್ನು ಅಣ್ಣನ ಕೈಯಲ್ಲಿ ಒಂದೇ ಏಟಿಗೆ ಶುರುವಾಯಿತು. ಆಗದೇ ಏನು? ಅವಳು ಬಿಟ್ಟುಬರುವಾಗ ಅದನ್ನು ಮದುವಣಗಿತ್ತಿಯ ಹಾಗೆ ಸಿಂಗರಿಸಿಟ್ಟು ಬಂದಿದ್ದಳು. ಅಂಗಳದಲ್ಲಿ ಬಟ್ಟೆ ಹರವುತ್ತಾ ದಿನಾ ಬೆಳಿಗ್ಗೆ ಆ ಸದ್ದು ಕೇಳುವಾಗ, ತನ್ನ ಕೈಕೆಲಸವೇ ತನ್ನ ವಿರುದ್ಧ ಸಾಕ್ಷಿ ಹೇಳಿದಂತಾಗಿ ಹೊಟ್ಟೆ ಉರಿಯುತ್ತಿತ್ತು. ಅಪ್ಪ ಚಹಾದಂಗಡಿಯಲ್ಲಿ ಕೂತು, "ನೋಡಿದ್ರಾ? ರಕ್ತದಲ್ಲೇ ಬಂದಿದೆ ಇವನಿಗೆ" ಎಂದು ಹೇಳಿದನೆಂದು ಮೀನಿನವಳು ಮನೆಬಾಗಿಲಿಗೆ ಬಂದು ವರದಿ ಒಪ್ಪಿಸಿದಳು.

ಮಾರನೆಯ ದಿನ ಅವಳು ಅಣ್ಣನಿಗೆ ಬುತ್ತಿ ಒಯ್ಯುವ ಕೆಲಸವನ್ನು ತಾನೇ ಕೇಳಿ ವಹಿಸಿಕೊಂಡಳು.

ಮಧ್ಯಾಹ್ನ ಬೋಟು ಖಾಲಿ ನಿಂತಿರುತ್ತದೆ. ಅಣ್ಣ ಡಬ್ಬಿ ತೆಗೆದುಕೊಂಡು ನೆಲ ಅಲುಗದ ಕಡೆ ಕೂತು ಉಣ್ಣಲು ಚಹಾದಂಗಡಿಯ ಬೆಂಚಿಗೆ ಹೋಗುತ್ತಿದ್ದ. ಅವಳು ಹಿಂಭಾಗದ ಹಲಗೆ ಎತ್ತಿ, ಹೊಟ್ಟೆಯ ಮೇಲೆ ಮಲಗಿ, ಭುಜದ ತನಕ ತೋಳನ್ನು ಕತ್ತಲೆಗೆ ತೂರಿಸಿದಳು. ಅಲ್ಲಿ ತಳಕ್ಕಂಟಿಕೊಂಡು ಡೀಸೆಲ್ ಟ್ಯಾಂಕು. ಅದರ ನೆತ್ತಿಯ ಮೇಲೆ, ಪೈಪು ಹೊರಡುವ ಕಡೆ, ಒಂದು ಹಿತ್ತಾಳೆ ನಟ್ಟು. ಅಪ್ಪನ ಭುಜ ಆ ಮೂಲೆಗೆ ಬಗ್ಗದೆ ವರ್ಷಗಳಾಗಿದ್ದವು. ಅವಳು ಕಣ್ಣು ಮುಚ್ಚಿಕೊಂಡೇ ಪಾನಾ ಕೂರಿಸಿ ಕಾಲು ಸುತ್ತು ಸಡಿಲ ಮಾಡಿದಳು.

ಸೋರಿಕೆಯೆಂದರೆ ಜನ ಒದ್ದೆ ಹುಡುಕುತ್ತಾರೆ. ಆದರೆ ಈ ನಟ್ಟು ಸಡಿಲವಾದರೆ ಒಂದು ತೊಟ್ಟೂ ಹೊರಗೆ ಬೀಳುವುದಿಲ್ಲ. ಟ್ಯಾಂಕು ಕೆಳಗೆ, ಎಂಜಿನ್ನು ಮೇಲೆ; ಪಂಪು ಡೀಸೆಲನ್ನು ಹೀರಿಕೊಳ್ಳುವಾಗ ಆ ಸಂದಿಯಿಂದ ಗಾಳಿಯನ್ನೂ ಹೀರಿಕೊಳ್ಳುತ್ತದೆ. ಓಡುವಾಗ ಎಂಜಿನ್ನು ಆಗಾಗ ಉಸಿರು ಹಿಡಿದವರ ಹಾಗೆ ತಡವರಿಸುತ್ತದೆ, ಅಷ್ಟೇ. ರಾತ್ರಿ ನಿಲ್ಲಿಸಿಟ್ಟಾಗ ಪೈಪಿನೊಳಗಿನ ಡೀಸೆಲೆಲ್ಲ ಮೆಲ್ಲಗೆ ಟ್ಯಾಂಕಿಗೇ ಇಳಿದುಹೋಗುತ್ತದೆ. ಬೆಳಿಗ್ಗೆ ಪೈಪಿನಲ್ಲಿ ಬರೀ ಗಾಳಿ.

ಬೆಳಿಗ್ಗೆ ಅಣ್ಣ ಸೆಲ್ಫ್ ಹೊಡೆದ, ಹೊಡೆದ, ಬ್ಯಾಟರಿ ನರಳುವ ತನಕ ಹೊಡೆದ. ಬೋಟಿನ ತುಂಬ ಕೂತಿದ್ದ ಜನ ಮೊದಲು ನಕ್ಕರು, ಆಮೇಲೆ ಗೊಣಗಿದರು, ಕೊನೆಗೆ ಇಳಿದು ಸೇತುವೆ ಬಳಸಿ ಹೋಗುವ ಬಸ್ಸಿಗೆ ನಡೆದರು. ಅಪ್ಪನನ್ನು ಕರೆತಂದರು. ಅಪ್ಪ ಫಿಲ್ಟರಿನ ನೆತ್ತಿಯ ಸಣ್ಣ ಸ್ಕ್ರೂ ಬಿಚ್ಚಿ, ಪಂಪಿನ ಹಿಡಿಯನ್ನು ಕೈಯಲ್ಲೇ ಒತ್ತಿ ಒತ್ತಿ, ನೊರೆಯೆಲ್ಲ ಹೋಗಿ ಶುದ್ಧ ಡೀಸೆಲ್ ಬರುವ ತನಕ ಗಾಳಿ ತೆಗೆದ. ಎಂಜಿನ್ನು ಶುರುವಾಯಿತು.

"ಗಾಳಿ ಹಿಡ್ಕೊಂಡಿತ್ತು. ಮಕ್ಕಳಿಗೆ ಹೊಟ್ಟೇಲಿ ಹಿಡ್ಕೊಳ್ಳಲ್ವಾ, ಹಾಗೆ" ಎಂದು ಅಪ್ಪ ಕೈ ಒರೆಸಿಕೊಂಡ.

ಮಾರನೆಯ ಬೆಳಿಗ್ಗೆ ಮತ್ತೆ ಹಿಡಿದುಕೊಂಡಿತ್ತು.

ಅಪ್ಪನೂ ದಡ್ಡನಲ್ಲ. ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ ಎಂದು ಅವನಿಗೆ ಗೊತ್ತಾಗಿತ್ತು. ಕೈಗೆಟುಕುವ ಜಾಯಿಂಟುಗಳನ್ನೆಲ್ಲ ಬಿಚ್ಚಿ, ತಾಮ್ರದ ವಾಷರುಗಳನ್ನು ಮನೆಗೆ ತಂದ. ಗಟ್ಟಿಯಾದ ವಾಷರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗಿ ಮತ್ತೆ ಅಂಟಿ ಕೂರುತ್ತದೆ. ಅದು ಈ ಮನೆಯಲ್ಲಿ ಅಮ್ಮನ ಕೆಲಸ.

"ಇದೇನತ್ತೆ ಅಡುಗೆ?" ಎಂದಳು ಅತ್ತಿಗೆ, ಬಾಣಲೆ ಹಿಡಿದು ಕಾಯುತ್ತಾ.

"ನಿಮ್ಮ ಮಾವಂದು. ಇದು ಬೆಂದ ಮೇಲೇ ನಮ್ಮದು ಬೇಯೋದು" ಎಂದಳು ಅಮ್ಮ, ಇಕ್ಕಳದಲ್ಲಿ ವಾಷರು ತಿರುಗಿಸುತ್ತಾ.

ಅಪ್ಪ ವಾಷರೆಲ್ಲ ಹಾಕಿ ಬಿಗಿ ಮಾಡಿದ ಮಧ್ಯಾಹ್ನ ಮಗಳು ಬುತ್ತಿ ಒಯ್ದು ತನ್ನ ನಟ್ಟನ್ನೂ ಬಿಗಿ ಮಾಡಿ ಬಂದಳು. ಅಷ್ಟು ಹಗೆ ಅವಳಲ್ಲಿತ್ತು. ಮೂರು ಬೆಳಗು ಎಂಜಿನ್ನು ಗಡಿಯಾರದ ಹಾಗೆ ಶುರುವಾಯಿತು. ಅಪ್ಪ ಚಹಾದಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ, "ವಾಷರಪ್ಪಾ ವಾಷರು. ಕಿವಿ ಇದ್ದೋನಿಗೆ ಗೊತ್ತಾಗುತ್ತೆ" ಎಂದು ಕೊಚ್ಚಿಕೊಂಡ. ಕೊಚ್ಚಿಕೊಂಡದ್ದು ಸುದ್ದಿಯಾಗಲೆಂದು ಒಂದು ದಿನ ಬಿಟ್ಟು, ಅವಳು ಮತ್ತೆ ಕಾಲು ಸುತ್ತು ಸಡಿಲ ಮಾಡಿದಳು. ಅಪ್ಪ ಫಿಲ್ಟರು ಬದಲಾಯಿಸಿದ. ಅವಳು ಬಿಗಿ ಮಾಡಿದಳು, ಅವನು ಜಂಬ ಕೊಚ್ಚಿದ, ಅವಳು ಸಡಿಲ ಮಾಡಿದಳು. ನೀರಿನ ಪಂಪಿನಿಂದ ಹನಿಯುತ್ತಿದ್ದ ನೀರು, ಗ್ಯಾಸ್ಕೆಟ್ಟಿನಿಂದ ಜಿನುಗುತ್ತಿದ್ದ ಎಣ್ಣೆ, ಶುರುವಾಗುವುದಕ್ಕೂ ಅವಕ್ಕೂ ಸಂಬಂಧವೇ ಇಲ್ಲದಿದ್ದರೂ, ಕಣ್ಣಿಗೆ ಬಿದ್ದ ತಪ್ಪಿಗೆ ಎಲ್ಲವನ್ನೂ ಅಪ್ಪ ರಿಪೇರಿ ಮಾಡಿದ. ಜನ ಚಹಾದಂಗಡಿಯಲ್ಲಿ ಅವನನ್ನು ಕಂಡರೆ, "ಮೇಸ್ತ್ರಿ, ಇವತ್ತು ಬೋಟಾ, ಬಸ್ಸಾ?" ಎಂದು ಕೇಳುವಂತಾಯಿತು.

ಮನೆಯಲ್ಲಿ ಮೀನು ಹೋಗಿ ಮೊಟ್ಟೆ ಬಂತು, ಮೊಟ್ಟೆ ಹೋಗಿ ಆಲೂಗಡ್ಡೆ ಬಂತು.

"ಇವತ್ತೂ ಆಲೂಗಡ್ಡೇನಾ?" ಎಂದ ಅಪ್ಪ.

"ಬೋಟು ಹೋದ ದಿನ ಮೀನು ಬರುತ್ತೆ" ಎಂದಳು ಅಮ್ಮ.

"ಪಟ್ಟಣದಿಂದ ಮೆಕ್ಯಾನಿಕ್ ಕರೆಸೋಣ್ವಾ ಅಪ್ಪಾ?" ಎಂದ ಅಣ್ಣ.

"ನನ್ನ ಎಂಜಿನ್ನಿಗೆ ಬೇರೆ ಮೆಕ್ಯಾನಿಕ್ಕಾ? ನಾನಿನ್ನೂ ಸತ್ತಿಲ್ಲ."

"ಹಾಗಾದ್ರೆ ಇವಳನ್ನಾದ್ರೂ ಒಂದ್ಸಲ ಕೇಳಿ."

ಮಗಳ ಕೈಯ ತುತ್ತು ಅಲ್ಲೇ ನಿಂತಿತು. ಅಪ್ಪ ಇವಳ ಕಡೆ ನೋಡಲೂ ಇಲ್ಲ. "ನನಗೆ ಗೊತ್ತಿಲ್ಲದ್ದು ಇವಳಿಗೇನು ಗೊತ್ತು? ಕಲಿಸಿದೋನು ನಾನು" ಎಂದು ನೀರು ಕುಡಿದ. ಅವಳು ತುತ್ತು ಬಾಯಿಗಿಟ್ಟಳು. ಆ ಹೊತ್ತು ಅಪ್ಪ ಒಂದು ಮಾತು ಕೇಳಿದ್ದರೆ ಹೇಳಿಬಿಡುತ್ತಿದ್ದಳೋ ಏನೋ.

ಅಮ್ಮನಿಗೆ ವಾಸನೆ ಹತ್ತಿದ್ದು ಪಾತ್ರೆ ತೊಳೆಯುವಾಗ.

"ಅನ್ನದ ಡಬ್ಬಿ ಡೀಸೆಲ್ ನಾತ ಹೊಡೀತಿದೆ ಯಾಕೆ?"

"ಅಣ್ಣ ಬೋಟಿನ ಹತ್ರ ಇಟ್ಟಿರ್ತಾನೆ, ಅದಕ್ಕೆ."

ಅಮ್ಮ ಮಗಳ ಬಲಗೈ ಹಿಡಿದು ತಿರುಗಿಸಿ, ಉಗುರು ಸಂದಿ ನೋಡಿ, ತೋಳನ್ನು ಮೊಣಕೈ ತನಕ ಮೂಸಿ ನೋಡಿದಳು. ಡಬ್ಬಿಯನ್ನು ಬೂದಿ ಹಾಕಿ ಇನ್ನೊಮ್ಮೆ ಉಜ್ಜಿದಳು. ಮರುದಿನ ಮಧ್ಯಾಹ್ನ ಬುತ್ತಿಚೀಲ ಕೈಗೆ ಕೊಡುವಾಗ ಅದು ಎಂದಿಗಿಂತ ಭಾರವಾಗಿತ್ತು. ದಾರಿಯಲ್ಲಿ ಬಿಚ್ಚಿ ನೋಡಿದರೆ, ಡಬ್ಬಿಯ ಪಕ್ಕದಲ್ಲಿ, ಹಳೆಯ ದಿಂಬಿನ ಚೀಲದಲ್ಲಿ ಬೇರೆಯಾಗಿ ಸುತ್ತಿಟ್ಟ ಪಾನಾ. ಜೊತೆಗೆ ಕೈ ಒರೆಸಲು ಒಂದು ಬಟ್ಟೆ. ಸಂಜೆ ಅಮ್ಮ ಅಕ್ಕಿ ಆರಿಸುತ್ತಾ, ಯಾರಿಗೂ ಅಲ್ಲ ಎಂಬಂತೆ, "ಆ ಟೈಲರು ಒಳ್ಳೆಯವನಿದ್ದ" ಎಂದಳು. ಅಪ್ಪನ ಮೇಲೆ ಸೇಡು ಇಟ್ಟುಕೊಂಡವಳು ತಾನೊಬ್ಬಳೇ ಅಲ್ಲ ಎಂದು ಮಗಳಿಗೆ ಗೊತ್ತಾದದ್ದು ಆಗ.

ಇನ್ನೊಂದು ಮಧ್ಯಾಹ್ನ ಅವಳು ಹೋದಾಗ ಅಪ್ಪನೂ ಬೋಟಿನಲ್ಲಿದ್ದ. ಎಂಜಿನ್ನಿನ ಹಲಗೆಗಳೆಲ್ಲ ತೆರೆದಿದ್ದವು. ಅಣ್ಣ ಬೆವರಿಳಿಸುತ್ತಾ ಹಿಂಭಾಗಕ್ಕೆ ಕೈ ತೋರಿಸಿ, "ಟ್ಯಾಂಕಿನ ಮೇಲಿನ ನಟ್ಟು ನೋಡೇ ಇಲ್ಲ ಅಪ್ಪಾ. ನಾನು ಕೈ ಹಾಕ್ಲಾ?" ಎಂದ.

ಅವಳು ಜೆಟ್ಟಿಯ ಮೆಟ್ಟಿಲಲ್ಲೇ ನಿಂತಳು.

"ಅದು ಬಿಡು" ಎಂದ ಅಪ್ಪ. "ಅದನ್ನ ಬಿಗಿ ಮಾಡಿದ್ದು ನಿನ್ ತಂಗಿ. ಅವಳು ಬಿಗಿ ಮಾಡಿದ ನಟ್ಟು ಅಲುಗಲ್ಲ. ಅವಳ ಕೈ ಅಂಥದು. ನೀನು ಮುಟ್ಟಿ ಕೆಡಿಸ್ಬೇಡ."

ಅಷ್ಟು ವರ್ಷ ಬೋಟಿನಲ್ಲಿ ದುಡಿದರೂ ಒಂದು ದಿನ ಅಪ್ಪನ ಬಾಯಿಂದ ಬಾರದ ಮಾತು. ಅವಳ ಬೆನ್ನ ಹಿಂದೆ, ಅವಳಿಗೆ ಕೇಳಿಸದೆಂದು ಆಡಿದ ಮಾತು. ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಮೊದಲಿದ್ದದ್ದಕ್ಕಿಂತ ಹೆಚ್ಚಿನ ಸಿಟ್ಟು. ಹಾಗಾದರೆ ಇವನಿಗೆ ಗೊತ್ತಿತ್ತು. ಅವಳ ಕೈ ಎಂಥದು ಎಂದು ಚೆನ್ನಾಗಿ ಗೊತ್ತಿದ್ದೂ, ಆ ಕೈಗೆ ಈರುಳ್ಳಿ ಕೊಟ್ಟಿದ್ದ. ಅವಳು ಡಬ್ಬಿಯನ್ನು ಅಣ್ಣನ ಕೈಗಿಟ್ಟು ತಿರುಗಿ ಬಂದಳು. ನಟ್ಟು ಸಡಿಲವೇ ಇತ್ತು.

ಆ ವಾರದ ಕೊನೆಗೆ ಅಪ್ಪ ತೀರ್ಪು ಕೊಟ್ಟ. ಕೊಟ್ಟದ್ದು ಮತ್ತೆ ಊಟದ ಹೊತ್ತಿನಲ್ಲೇ.

"ಪಂಪು ಸವೆದಿದೆ. ಒಳಗೇ ಗಾಳಿ ಎಳೀತಿದೆ. ಈ ಎಂಜಿನ್ನಿನ ಪಂಪು ಈಗ ಎಲ್ಲೂ ಸಿಗಲ್ಲ. ಎಂಜಿನ್ ಸತ್ತ ಹಾಗೇ. ಗುಜರಿಯವನಿಗೆ ಹೇಳಿದ್ದೀನಿ. ಕಬ್ಬಿಣ ತೂಕಕ್ಕೆ, ಹಲಗೆ ಒಲೆಗೆ."

ಅಣ್ಣ ಉಸಿರುಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ಅತ್ತಿಗೆ ಅವನನ್ನು ಮೊಣಕೈಯಿಂದ ತಿವಿದಳು.

ಮಗಳು ಅಪ್ಪನನ್ನು ಕುಣಿಸಲು ಹೋಗಿ ಬೋಟನ್ನೇ ಒಲೆಗೆ ಹಾಕುವ ಹಾಗಾಗಿತ್ತು. ಬಾಯಿಬಿಟ್ಟರೆ ಕಳ್ಳಿ, ಬಿಡದಿದ್ದರೆ ಎಂಜಿನ್ನು ತಕ್ಕಡಿಗೆ. ಅನ್ನವನ್ನು ಕಲಸುತ್ತಲೇ ಯೋಚಿಸಿದಳು. ಯೋಚನೆ ಮುಗಿಯುವಷ್ಟರಲ್ಲಿ ದಾರಿ ಕಂಡಿತ್ತು.

"ಗುಜರಿಯವನಿಗೆ ಕೊಡೋ ರೇಟಿಗೆ ನನಗೇ ಕೊಡಿ" ಎಂದಳು.

ಅಪ್ಪ ನಕ್ಕ. "ಸತ್ತ ಎಂಜಿನ್ ಇಟ್ಕೊಂಡು ಏನು ಮಾಡ್ತೀಯ?"

"ನನ್ನಿಷ್ಟ."

"ದುಡ್ಡೆಲ್ಲಿದೆ?"

ಅಮ್ಮ ಎದ್ದುಹೋದಳು. ಒಳಗೆ ಪೆಟ್ಟಿಗೆ ತೆಗೆದ ಸದ್ದು ಕೇಳಿಸಿತು. ಸರ ಹಿಡಿದುಕೊಂಡು ಬಂದು ಅಪ್ಪನ ತಟ್ಟೆಯ ಪಕ್ಕ ಇಟ್ಟಳು.

"ಏಯ್, ಅದು ಅವಳ ಮದುವೇದು" ಎಂದ ಅಪ್ಪ.

"ಯಾವ ಮದುವೆ?" ಎಂದಳು ಅಮ್ಮ.

ಅತ್ತಿಗೆ ಮೆಲ್ಲಗೆ ಎದ್ದು ಎಲ್ಲರ ಲೋಟಕ್ಕೂ ನೀರು ಹಾಕಿದಳು, ಖಾಲಿಯಾಗದಿದ್ದ ಲೋಟಕ್ಕೂ.

"ಆದ್ರೆ ಒಂದು ಮಾತು" ಎಂದಳು ಮಗಳು. "ನಾಳೆ ಜೆಟ್ಟೀಲಿ, ಜನ ಇರುವಾಗ, ಬೋಟು ನಂದು ಅಂತ ನೀವೇ ಹೇಳ್ಬೇಕು. ಆಮೇಲೆ ಅಣ್ಣಂದು ಅನ್ನಬಾರದು."

"ಹೇಳ್ತೀನಿ. ಹೆಣ ಹೊತ್ಕೊಂಡು ಹೋಗೋರಿಗೆ ನಾನ್ಯಾಕೆ ಬೇಡ ಅನ್ಲಿ?"

ಹೇಳುವುದನ್ನು ಅಪ್ಪ ಚೆನ್ನಾಗಿಯೇ ಹೇಳಿದ. ಬಸ್ಸಿಗೆ ಹೊರಟ ಜನರನ್ನೆಲ್ಲ ಜೆಟ್ಟಿಯಲ್ಲಿ ನಿಲ್ಲಿಸಿ, ನಾಟಕದವರ ಹಾಗೆ ಕೈಯೆತ್ತಿ, "ಎಲ್ಲರೂ ಕೇಳಿ. ಈ ಎಂಜಿನ್ ಸತ್ತಿದೆ. ಇನ್ನು ಇದನ್ನ ಎಬ್ಬಿಸೋ ಮೆಕ್ಯಾನಿಕ್ ಹುಟ್ಟಿಲ್ಲ. ಹಠ ಮಾಡಿ ನನ್ನ ಮಗಳು ತಗೊಂಡಿದ್ದಾಳೆ. ಇವತ್ತಿನಿಂದ ಅವಳದು" ಎಂದ. ಟೈಲರು, ಮೀನಿನವಳು, ಚಹಾದಂಗಡಿಯವನು ಎಲ್ಲರೂ ಕೇಳಿಸಿಕೊಂಡರು. ಗುಜರಿಯವನು ತಕ್ಕಡಿ ತಂದವನು ಪೆಚ್ಚಾಗಿ ನಿಂತಿದ್ದ.

ಅವಳು ಬೋಟಿಗಿಳಿದು ಹಿಂದಿನ ಹಲಗೆ ಎತ್ತಿದಳು. ಎಲ್ಲರಿಗೂ ಕಂಡದ್ದು ಅವಳ ಪಾದಗಳು ಮಾತ್ರ. ಕಾಲು ಸುತ್ತು ಬಿಗಿ. ಆಮೇಲೆ ಎದ್ದು ಫಿಲ್ಟರಿನ ಸ್ಕ್ರೂ ಬಿಚ್ಚಿ ಗಾಳಿ ತೆಗೆದಳು. ನೊರೆ ಬಂತು, ನಿಂತಿತು, ಡೀಸೆಲ್ ಬಂತು. ಸ್ಕ್ರೂ ಮುಚ್ಚಿ, ಕೈ ಒರೆಸಿಕೊಂಡು, ಅಪ್ಪನನ್ನೇ ನೋಡುತ್ತಾ ಸೆಲ್ಫ್ ಹೊಡೆದಳು. ಎಂಜಿನ್ನು ಒಂದೇ ಏಟಿಗೆ ಶುರುವಾಯಿತು.

ಅಪ್ಪನ ಮುಖ ಸುಣ್ಣವಾಯಿತು. ಜನ ಓ ಎಂದು ಕೂಗಿದರು. ಆ ಮುಖವನ್ನು ಅವಳು ಕಣ್ತುಂಬ ನೋಡಿದಳು. ನೋಡಿದ್ದು ಕ್ಷಣವಷ್ಟೇ, ಅಷ್ಟರಲ್ಲಿ ಯಾರೋ, "ಏನು ಮೇಸ್ತ್ರಿ, ನಿಮ್ಮ ಕಿವಿಗೇ ಕೇಳಿಸದ್ದು ಪಾನಕ್ಕಂಗೆ ಕೇಳಿಸ್ತಲ್ಲ?" ಎಂದರು. ಅಪ್ಪ ಗಂಟಲು ಸರಿಮಾಡಿಕೊಂಡ. ಎದೆ ಮುಂದೆ ತಂದ.

"ಮತ್ತೆ? ಯಾರ ಮಗಳು? ಕಲಿಸಿದ್ದು ಯಾರು ಕೇಳಿ. ನಾನು ಬೇಕಂತಲೇ ಬಿಟ್ಟಿದ್ದೆ, ನೋಡೋಣ ಹಿಡೀತಾಳಾ ಅಂತ."

ಜನ ಚಪ್ಪಾಳೆ ತಟ್ಟಿದರು. ಚಹಾದಂಗಡಿಯವನು ಮೇಸ್ತ್ರಿಗೆ ಬಿಟ್ಟಿ ಚಹಾ ಕೂಗಿದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವಾರಗಳ ಸೇಡನ್ನು ಈ ಮನುಷ್ಯ ಒಂದು ಲೋಟ ಚಹಾಕ್ಕೆ ಹಾಕಿ ಕಲಕಿ ಕುಡಿಯುತ್ತಿದ್ದ. ಕೆಟ್ಟಿರಲಿಲ್ಲ, ನಾನೇ ಕೆಡಿಸಿದ್ದೆ ಎಂದು ಕೂಗಿ ಹೇಳಿದರೆ ಅವನ ಮಾನ ಹೋಗುತ್ತದೆ. ಆದರೆ ಹಾಗೆ ಕೂಗಿದವಳ ಬೋಟನ್ನು ನಾಳೆಯಿಂದ ಯಾರು ಹತ್ತುತ್ತಾರೆ? ಅವಳು ಹಲ್ಲು ಕಚ್ಚಿಕೊಂಡು ಜನರನ್ನು ಹತ್ತಿಸಿಕೊಂಡು ಆಚೆ ದಡಕ್ಕೆ ಬಿಟ್ಟಳು.

ಅಪ್ಪ ದಿನವಿಡೀ ಊರು ಸುತ್ತಿ ಅದೇ ಕತೆ ಹೇಳಿದ. ಸಂಜೆ ಮನೆಗೆ ಬಂದಾಗ ಅವನು ನಗುತ್ತಿದ್ದ. ಊಟಕ್ಕೆ ಮೀನಿತ್ತು. ಅವನು ಮೊದಲ ತುತ್ತು ನುಂಗುವ ತನಕ ಅವಳು ಕಾದಳು.

"ಅಪ್ಪಾ, ಪಂಪು ಚೆನ್ನಾಗೇ ಇತ್ತು. ಟ್ಯಾಂಕಿನ ಮೇಲಿನ ನಟ್ಟು ಕಾಲು ಸುತ್ತು ಸಡಿಲ ಇತ್ತು."

"ಆ ನಟ್ಟಾ? ಅದು ನೀನೇ ಬಿಗಿ ಮಾಡಿದ್ದಲ್ವಾ?"

"ನಾನೇ ಬಿಗಿ ಮಾಡಿದ್ದು. ನಾನೇ ಸಡಿಲ ಮಾಡಿದ್ದು. ನೀವು ಜಂಬ ಕೊಚ್ಚಿದಾಗಲೆಲ್ಲ ಸಡಿಲ ಮಾಡ್ದೆ."

ಅಪ್ಪ ಅಗಿಯುವುದನ್ನು ನಿಲ್ಲಿಸಿದ. ಅಮ್ಮನ ಕಡೆ ನೋಡಿದ; ಅಮ್ಮ ಮೀನು ಬಿಡಿಸುತ್ತಿದ್ದಳು. ಅಣ್ಣನ ಕಡೆ ನೋಡಿದ.

"ನನಗೂ ಗೊತ್ತಿತ್ತು" ಎಂದ ಅಣ್ಣ. "ಹಿಂದಿನ ಹಲಗೆ ಧೂಳಿಲ್ಲದೆ ಇರ್ತಿತ್ತು. ಆವತ್ತು ಕೈ ಹಾಕ್ತೀನಿ ಅಂದೆ, ನೀವೇ ಬೇಡ ಅಂದ್ರಿ. ಆಮೇಲೆ ಸುಮ್ನಾದೆ. ನನಗೂ ಆ ಬೋಟು ಬೇಡವಾಗಿತ್ತು."

"ಮನೆಯವರೆಲ್ಲ ಸೇರಿ..." ಎಂದು ಅಪ್ಪ ಶುರುಮಾಡಿದ.

"ಹೋಗಿ ಜನಕ್ಕೆ ಹೇಳಿ" ಎಂದಳು ಮಗಳು. "ನನ್ನ ಮಗಳು ವಾರಗಟ್ಟಲೆ ನಟ್ಟು ಸಡಿಲ ಮಾಡಿಟ್ಟಿದ್ಲು, ನನಗೆ ಗೊತ್ತೇ ಆಗಲಿಲ್ಲ ಅಂತ. ಬೇಕಂತಲೇ ಬಿಟ್ಟಿದ್ದೆ ಅಂತ ಹೇಳಿದ್ದು ಸುಳ್ಳು ಅಂತ. ನಾನು ಇಲ್ಲ ಅನ್ನಲ್ಲ."

ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ವಾಪಸು ಹಾಕಿದ. ಅವನಿಗೆ ಪಾಪ ಎನ್ನಬೇಕೆಂದು ಅವಳಿಗೆ ಅನ್ನಿಸಿತು, ಆದರೆ ಪಾಪ ಅನ್ನಿಸಲಿಲ್ಲ.

"ಇನ್ನೊಂದು ತುಂಡು ಹಾಕ್ಲಾ?" ಎಂದು ಅಮ್ಮ ಅವನನ್ನು ಕೇಳಿದಳು.

ಮಾರನೆಯ ಬೆಳಿಗ್ಗೆ ಬೋಟು ತುಂಬಿತ್ತು. ಅಪ್ಪ ಜೆಟ್ಟಿಗೆ ಬರದೆ ಇರಲಾರ. ಬರದಿದ್ದರೆ ಜನ ಯಾಕೆಂದು ಕೇಳುತ್ತಾರೆ. ಚಹಾದಂಗಡಿಯ ಮುಂದೆ, ಎದ್ದುಹೋಗಲು ಸಿದ್ಧನಾದವನ ಹಾಗೆ ಬೆಂಚಿನ ಅಂಚಿನಲ್ಲಿ ಕೂತಿದ್ದ. ಎಂಜಿನ್ನು ಒಂದೇ ಏಟಿಗೆ ಶುರುವಾಯಿತು.

"ಮೇಸ್ತ್ರಿ, ಇವತ್ತೂ ಒಂದೇ ಏಟಿಗೆ" ಎಂದು ಟೈಲರು ಬೋಟಿನಿಂದಲೇ ಕೂಗಿದ. "ಯಾರ ಕೈಗುಣ ಇದು?"

ಅಪ್ಪ ಕೇಳಿಸದವನ ಹಾಗೆ ನೀರು ನೋಡಿದ. ಅವಳು ಹಗ್ಗ ಬಿಚ್ಚಲಿಲ್ಲ. ಎಂಜಿನ್ನನ್ನು ಸಣ್ಣಗೆ ಓಡಲು ಬಿಟ್ಟು, ಒಂದು ಕೈ ಚುಕ್ಕಾಣಿಯ ಮೇಲಿಟ್ಟು ನಿಂತಳು.

"ಹೇಳಿ ಅಪ್ಪಾ. ಕೇಳ್ತಿದ್ದಾರಲ್ಲ."

ಜನ ನಗುತ್ತಾ ಅವನ ಕಡೆ ತಿರುಗಿದರು. ಹೊತ್ತಾಗುತ್ತಿತ್ತು, ಮೀನಿನವಳು ಬುಟ್ಟಿ ಸರಿಸಿಕೊಂಡಳು. ಮಗಳು ಕಾದಳು.

"ನನ್ನ ಮಗಳದು" ಎಂದ ಅಪ್ಪ.

"ಎಂಜಿನ್ ಸದ್ದಲ್ಲಿ ಕೇಳಿಸಲಿಲ್ಲ. ಜೋರಾಗಿ."

ಅಪ್ಪ ಎದ್ದು ನಿಂತು ಜೋರಾಗಿ ಹೇಳಿದ. ಅವಳು ಹಗ್ಗ ಬಿಚ್ಚಿದಳು.